ಮಹಲು ಉಳಿಯಬೇಕೆಂದರೆ ಮೊದಲು ಎರಡು ಕೋಣೆ ತೆರೆಯಿರಿ

ಪಾಳುಬಿದ್ದ ಹಳೇ ಮಹಲನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡಿರುವ ಎಲ್ಲ ನಗರಾಡಳಿತಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಅಧಿಕಾರಿಗಳಿಗೆ. ಹಾಗೆಯೇ ಅಂಥ ಮಹಲಿನ ಆಸುಪಾಸಿನಲ್ಲಿ ವಾಸವಿರುವ ಜನರಿಗೆ,

ನಮಸ್ಕಾರ.

ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಸುಣ್ಣ, ಮರ, ಇಟ್ಟಿಗೆ, ಸೋರುವ ಮಾಳಿಗೆ ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಈಗೀಗ ಒಂದು ಮಾತು ಜಾಸ್ತಿ ಕಿವಿಗೆ ಬೀಳುತ್ತಿದೆ. "ಆ ಹಳೇ ಮಹಲನ್ನು ಸರಿಮಾಡಿಸಿ ಜನರಿಗಾಗಿ ಕಲಾಕೇಂದ್ರ ಮಾಡೋಣ" ಎನ್ನುವ ಮಾತು. ಒಳ್ಳೇ ಮಾತೇ. ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ನನಗೆ ಭಯ ಹುಟ್ಟಿಸುವುದೂ ಅದೇ. ಯಾರೂ ಬೇಡ ಅನ್ನದ ಯೋಜನೆಯನ್ನು ಯಾರೂ ಸರಿಯಾಗಿ ಪ್ರಶ್ನೆ ಮಾಡುವುದೂ ಇಲ್ಲ. ಚೆಂದದ ಬಣ್ಣದ ಚಿತ್ರ ತಯಾರಾಗುತ್ತದೆ. ಅಂದಾಜು ಪಟ್ಟಿ ತಯಾರಾಗುತ್ತದೆ. ಮೊತ್ತ ದೊಡ್ಡದು, ಒಂದೇ ಸಲಕ್ಕೆ ಸಿಗುವುದಿಲ್ಲ. ಹಾಗಾಗಿ ಹಣ ಬರುವ ತನಕ ಬಾಗಿಲಿಗೆ ಬೀಗ. ಮೂರು ವರ್ಷ, ಐದು ವರ್ಷ, ಹತ್ತು ವರ್ಷ. ಕೊನೆಗೊಂದು ದಿನ ಹಣ ಬಂದಾಗ ಅಂದಾಜು ಪಟ್ಟಿಯಲ್ಲಿದ್ದ ಮಹಲೇ ಅಲ್ಲಿರುವುದಿಲ್ಲ. ಅದರ ಅರ್ಧ ಮಾತ್ರ ಇರುತ್ತದೆ.

ನಾನು ಕೇಳುತ್ತಿರುವುದು ಇದರ ಉಲ್ಟಾ ಕ್ರಮ. ಮೊದಲು ಮಾಳಿಗೆಯಿಂದ ಒಳಗಿಳಿಯುವ ಮಳೆನೀರನ್ನು ತಡೆಯಿರಿ. ಆಮೇಲೆ ಗಟ್ಟಿಯಾಗಿರುವ ಒಂದೆರಡು ಕೋಣೆ ತೆರೆದು, ಕಲಿಸುವವರನ್ನೂ ಕಲಿಯುವವರನ್ನೂ ಒಳಗೆ ಬಿಡಿ. ಅವರು ಅಲ್ಲಿರುವಾಗಲೇ ಉಳಿದ ಭಾಗವನ್ನು ಒಂದೊಂದಾಗಿ ಸರಿಮಾಡುತ್ತಾ ಹೋಗಿ. ಉದ್ಘಾಟನೆಯ ಟೇಪು ಕತ್ತರಿಸುವ ಕೆಲಸ ಕೊನೆಗಿರಲಿ. ಅದು ಆಗದೇ ಹೋದರೂ ನಷ್ಟವಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಹಳೇ ಮನೆ ಕುಸಿಯುವುದು ವಯಸ್ಸಿನಿಂದಲ್ಲ. ಇನ್ನೂರು ವರ್ಷದ ಗೋಡೆ ಇನ್ನೂ ಇನ್ನೂರು ವರ್ಷ ನಿಲ್ಲಬಲ್ಲದು. ಜನ ವಾಸವಿದ್ದಾಗ ಮಾಳಿಗೆ ಸೋರಿದರೆ ಅದೇ ರಾತ್ರಿ ಗೊತ್ತಾಗುತ್ತದೆ. ಯಾರೋ ಪಾತ್ರೆ ಇಡುತ್ತಾರೆ, ಬೆಳಗ್ಗೆ ಏಣಿ ಹಾಕಿ ಮೇಲೆ ಹತ್ತುತ್ತಾರೆ. ಬೀಗ ಬಿದ್ದ ಮನೆಯಲ್ಲಿ ಮಾಳಿಗೆಯ ಮೇಲೆ ಎಲೆ, ಧೂಳು, ಹಕ್ಕಿಗೂಡು ಸೇರಿ ನೀರು ಇಳಿಯುವ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಅಲ್ಲೇ ನಿಂತು ಗೋಡೆಯ ತಲೆಯೊಳಗೆ ಇಳಿಯುತ್ತದೆ. ಆ ಗೋಡೆಯೊಳಗೆ ತೊಲೆಗಳ ತುದಿ ಹುದುಗಿರುತ್ತದೆ. ಮರದಲ್ಲಿ ತೇವಾಂಶ ಸುಮಾರು ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರ ಹಿಡಿಯುತ್ತದೆ. ಹಿಂದೆಯೇ ಗೆದ್ದಲು. ಕೆಳಗೆ ನಿಂತು ನೋಡುವವರಿಗೆ ತೊಲೆ ಕಲ್ಲಿನಷ್ಟು ಗಟ್ಟಿಯಾಗಿ ಕಾಣುತ್ತದೆ, ಯಾಕೆಂದರೆ ಕಾಣುವ ಭಾಗ ನಿಜಕ್ಕೂ ಗಟ್ಟಿಯಾಗಿಯೇ ಇರುತ್ತದೆ. ಗೋಡೆಯೊಳಗಿನ ಒಂದಡಿ ಮಾತ್ರ ಪುಡಿಯಾಗಿರುತ್ತದೆ. ಭಾರ ಹೊರುವುದು ಆ ಒಂದಡಿಯೇ ಅಲ್ವಾ? ಇಷ್ಟರಲ್ಲಿ ಹಕ್ಕಿ ಹಾಕಿದ ಬೀಜ ಬಿರುಕಿನಲ್ಲಿ ಮೊಳೆತು, ಬೇರು ಇಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡಿರುತ್ತದೆ.

ಇದನ್ನೆಲ್ಲ ತಡೆಯಲು ದೊಡ್ಡ ಅನುದಾನ ಬೇಡ. ಕೊಳವೆ ಬಿಡಿಸುವುದು, ಒಡೆದ ಹೆಂಚು ಬದಲಿಸುವುದು, ಚಾವಣಿ ಹೋಗಿರುವ ಕಡೆ ತಾತ್ಕಾಲಿಕ ತಗಡು ಹೊದಿಸುವುದು, ಅನುಮಾನ ಇರುವ ತೊಲೆಗೆ ಕೆಳಗಿನಿಂದ ಆಸರೆ ಕೊಡುವುದು, ಗಾಳಿಯಾಡಲು ಕಿಟಕಿ ತೆರೆದಿಡುವುದು, ಹಳೇ ವಿದ್ಯುತ್ ಸಂಪರ್ಕ ಕಡಿದುಹಾಕುವುದು. ಗಿಡವನ್ನು ಮಾತ್ರ ಕಿತ್ತು ಎಳೆಯಬೇಡಿ. ಗೋಡೆಯೂ ಅದರ ಜೊತೆ ಬರುತ್ತದೆ. ಬುಡದಲ್ಲಿ ಕತ್ತರಿಸಿ ಬೇರನ್ನು ಸಾಯಿಸಿ, ಆಮೇಲೆ ಬಿಡಿಸಬೇಕು. ಇಷ್ಟು ಕೆಲಸಕ್ಕೆ ನಿಮ್ಮ ವಾರ್ಷಿಕ ದುರಸ್ತಿ ಬಾಬ್ತಿನ ಹಣವೇ ಸಾಕಾಗಬಹುದು. 1877ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅವರು ಆಗಲೇ ಹೇಳಿದ್ದು ಇದನ್ನೇ: ವೈಭವದ ಪುನರ್ನಿರ್ಮಾಣದ ಆಸೆ ಬಿಡಿ, ದಿನದಿನದ ಆರೈಕೆಯಿಂದ ಕಟ್ಟಡ ಹಾಳಾಗದಂತೆ ನೋಡಿಕೊಳ್ಳಿ. ಆ ಸಂಘ ಇಂದಿಗೂ ಇದೆ, ಇಂದಿಗೂ ಅದನ್ನೇ ಹೇಳುತ್ತಿದೆ. ಕೊಳವೆ ಬಿಡಿಸಿದ್ದಕ್ಕೆ ಯಾರ ಹೆಸರಿನ ಫಲಕವನ್ನೂ ಹಾಕುವುದಿಲ್ಲ, ಅದೊಂದೇ ತೊಡಕು.

ಇನ್ನು ದುರಸ್ತಿ ಮಾಡುವ ರೀತಿ. ಇಲ್ಲಿ ನಾನು ಸ್ವಲ್ಪ ಹಟವಾದಿ, ಮನ್ನಿಸಿ. ಸಿಮೆಂಟು ಬಳಸಬೇಡಿ. ಹಳೇ ಮಹಲಿನ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಮಾಡಿದ ಗಾರೆ ಅದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಾ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಅದು ಮೆದು. ಗೋಡೆ ಕೊಂಚ ಅಲುಗಿದರೆ ತಾನೂ ಬಾಗಿಕೊಳ್ಳುತ್ತದೆ. ಗೋಡೆಯೊಳಗೆ ಹೋದ ತೇವ ಅದರ ಮೂಲಕವೇ ಹೊರಗೆ ಆರಿಹೋಗುತ್ತದೆ. ಸಿಮೆಂಟಿನ ಗಿಲಾವು ಇದಕ್ಕೆ ಅವಕಾಶ ಕೊಡುವುದಿಲ್ಲ. ಮಳೆಯಲ್ಲಿ ನೆನೆದು ಬಂದವನಿಗೆ ಬಟ್ಟೆ ಬದಲಿಸದೆ ಮೇಲಿಂದ ಪ್ಲಾಸ್ಟಿಕ್ ಕೋಟು ತೊಡಿಸಿದ ಹಾಗೆ ಅದು. ತೇವ ಒಳಗೇ ಉಳಿಯುತ್ತದೆ, ಅದರ ಜೊತೆ ಉಪ್ಪೂ ಸೇರಿಕೊಳ್ಳುತ್ತದೆ, ಕೆಲವು ವರ್ಷದಲ್ಲಿ ಇಟ್ಟಿಗೆಯ ಮುಖವೇ ಪದರಪದರವಾಗಿ ಉದುರುತ್ತದೆ. ಗೋಡೆ ಹೊಸದಾಗಿ ಕಾಣಿಸಿದ ಮೊದಲ ವರ್ಷ ಎಲ್ಲರಿಗೂ ಖುಷಿ. ಆ ಹೊತ್ತಿಗೆ ಗುತ್ತಿಗೆದಾರರ ಬಿಲ್ಲು ಪಾಸಾಗಿರುತ್ತದೆ.

ಸುಣ್ಣಕ್ಕೆ ತಾಳ್ಮೆ ಬೇಕು, ಕೈ ಪಳಗಿದ ಕೆಲಸಗಾರರು ಬೇಕು. "ಅಂಥವರು ಈಗ ಎಲ್ಲಿದ್ದಾರೆ" ಎಂದು ಕೇಳುತ್ತಾರೆ. ಕಡಿಮೆ ಇದ್ದಾರೆ, ನಿಜ. ಹಾಗಾದರೆ ಕಲಾಕೇಂದ್ರದ ಮೊದಲ ತರಗತಿ ಅದೇ ಯಾಕಾಗಬಾರದು? ಗಾರೆ ಕಲಸುವುದು, ಮರ ಕೂಡಿಸುವುದು, ಗಾರೆಯಲ್ಲಿ ಹೂಬಳ್ಳಿ ಮೂಡಿಸುವುದು ಇವೂ ಕಲೆಗಳೇ. ಹಳೇ ಮೇಸ್ತ್ರಿಗಳ ಕೈಕೆಳಗೆ ಹತ್ತು ಹುಡುಗ ಹುಡುಗಿಯರು ಒಂದು ಗೋಡೆಯ ಮೇಲೆ ಕಲಿತರೆ, ಮುಂದಿನ ಗೋಡೆಗೆ ಜನ ಸಿಕ್ಕ ಹಾಗಾಯಿತು. ಇದನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಹಲಿನೊಳಗೆ ಏನು ನಡೆಯಬೇಕು?

1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಸ್ಮಾರಕಗಳ ರಕ್ಷಣೆಗೆ ಒಂದು ಸನ್ನದು ಬರೆದರು. ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಬಳಸಿದರೆ ಸ್ಮಾರಕದ ರಕ್ಷಣೆ ಸುಲಭವಾಗುತ್ತದೆ, ಆದರೆ ಆ ಬಳಕೆಗಾಗಿ ಕಟ್ಟಡದ ವಿನ್ಯಾಸವನ್ನೋ ಅಲಂಕಾರವನ್ನೋ ಬದಲಿಸಬಾರದು ಎಂಬ ಅರ್ಥದ ಮಾತು ಅದರಲ್ಲಿದೆ. ಮೊದಲ ಭಾಗವನ್ನು ಎಲ್ಲರೂ ನೆನಪಿಡುತ್ತಾರೆ. ಎರಡನೇ ಭಾಗ ಮರೆತುಹೋಗುತ್ತದೆ. ಕಲಾಕೇಂದ್ರ ಎಂದ ಕೂಡಲೇ ಮುನ್ನೂರು ಆಸನದ ರಂಗಮಂದಿರ ಬೇಕು, ಎರಡು ಗೋಡೆ ಒಡೆದು ದೊಡ್ಡ ಹಾಲ್ ಮಾಡಬೇಕು ಎಂಬ ಬೇಡಿಕೆ ಬರುತ್ತದೆ. ದಯವಿಟ್ಟು ಬೇಡ. ಮಹಲು ಮನೆಯಾಗಿ ಕಟ್ಟಿದ್ದು. ಅದರಲ್ಲಿ ಇರುವುದು ಕೋಣೆಗಳು, ಪಡಸಾಲೆ, ಅಂಗಳ. ಕೋಣೆಗೆ ಹೊಂದುವ ಕಲೆ ಬೇಕಾದಷ್ಟಿವೆ: ಚಿತ್ರ ಬರೆಯುವುದು, ಅಚ್ಚು ಹಾಕುವುದು, ಹೊಲಿಗೆ, ನೇಯ್ಗೆ, ಸಂಗೀತ ಪಾಠ, ಕವಿತೆ ಓದು, ನಾಟಕದ ತಾಲೀಮು. ದೊಡ್ಡ ರಂಗಮಂದಿರ ಬೇಕೇಬೇಕು ಎಂದರೆ ತೋಟದ ಒಂದು ಮೂಲೆಯಲ್ಲಿ ಬೇರೆ ಕಟ್ಟಿ. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆದಾಗ ಮಾಡಿದ್ದು ಹೀಗೇ. ಹಳೇ ಮನೆ ಮನೆಯಾಗಿಯೇ ಉಳಿಯಿತು, ಜಾಸ್ತಿ ಜಾಗ ಬೇಕಾದದ್ದಕ್ಕೆ ಪಕ್ಕದಲ್ಲಿ ಹೊಸ ಕಟ್ಟಡ ಬಂತು, ಮರಗಳೂ ಉಳಿದವು.

ಯಾವ ಕೋಣೆಯಲ್ಲಿ ಏನು ಎನ್ನುವುದನ್ನೂ ಸುಮ್ನೆ ನಿರ್ಧರಿಸಲಾಗದು. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಜನ ಗುಂಪಾಗಿ ಸೇರುವ, ಕುಣಿಯುವ ಜಾಗಕ್ಕೆ ಬೇಕಾದದ್ದು 500 ಕಿಲೋದಷ್ಟು. ಹಳೇ ಮಹಲಿಗೆ ಅಂಥ ಲೆಕ್ಕವೂ ಇರುವುದಿಲ್ಲ, ಅಂದಿನ ಬಡಗಿಯ ಅನುಭವವೇ ಲೆಕ್ಕ. ಆದ್ದರಿಂದ ನೃತ್ಯ ಯಾವತ್ತೂ ನೆಲಮಾಳಿಗೆ ಇಲ್ಲದ ಕೆಳಗಿನ ಕೋಣೆಯಲ್ಲಿ. ನಲವತ್ತು ಮಕ್ಕಳು ಒಂದೇ ತಾಳಕ್ಕೆ ಹೆಜ್ಜೆ ಹಾಕುವಾಗ ಬೀಳುವ ಪೆಟ್ಟು ಅವರ ತೂಕಕ್ಕಿಂತ ಎಷ್ಟೋ ಜಾಸ್ತಿ. ಪುಸ್ತಕದ ಕಪಾಟೂ ಕೆಳಗೇ ಇರಲಿ. ಕಾಗದದಷ್ಟು ಭಾರದ ವಸ್ತು ಮನೆಯಲ್ಲಿ ಕಡಿಮೆ. ಮಡಕೆ ಸುಡುವ ಗೂಡು ಮನೆಯೊಳಗೆ ಬೇಡವೇ ಬೇಡ, ಹಿತ್ತಿಲಲ್ಲಿ ಬೇರೆ ಮಾಡು ಹಾಕಿ. ಮೇಲಿನ ಕೋಣೆಗಳು ಕುಳಿತು ಮಾಡುವ ಕೆಲಸಕ್ಕೆ.

ಎತ್ತರದ ಕಿಟಕಿಗಳ ಬೆಳಕು ನೋಡಿ ಕೆಲವರಿಗೆ ಇಲ್ಲೊಂದು ವಸ್ತುಸಂಗ್ರಹಾಲಯ ಮಾಡುವ ಆಸೆ ಬರುತ್ತದೆ. ಜಲವರ್ಣ ಚಿತ್ರ, ಹಳೇ ಬಟ್ಟೆ ಇಂಥವನ್ನು ಇಡುವ ಕಡೆ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ದಾಟಬಾರದು ಎನ್ನುವುದು ರೂಢಿ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಅದು ಸಾವಿರಗಳಲ್ಲಿರುತ್ತದೆ. ಅಂದರೆ ಕಿಟಕಿಗಳನ್ನೆಲ್ಲ ಮುಚ್ಚಬೇಕು, ಯಂತ್ರ ಕೂರಿಸಿ ಗಾಳಿಯ ತೇವವನ್ನು ಹಿಡಿತದಲ್ಲಿಡಬೇಕು. ಒಳ್ಳೇ ಬೆಳಕಿನ ಮನೆಯನ್ನು ಕತ್ತಲು ಮಾಡಿ ನೋಡಲು ಟಿಕೆಟ್ಟು ಇಡುವುದು ಯಾಕೆ? ಆ ಬೆಳಕು ಚಿತ್ರ ಬರೆಯುವವರಿಗೆ ಸಿಗಲಿ.

ಇನ್ನೊಂದು ಮಾತು, ಇದು ಮಕ್ಕಳ ವಿಷಯವಾದ್ದರಿಂದ ಸ್ವಲ್ಪ ಗಂಭೀರವಾಗಿ ಓದಿ. ಹಳೇ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದೇ 1978ರಲ್ಲಿ, ಹಲವು ಕಡೆ ಅದಕ್ಕಿಂತ ತಡವಾಗಿ. ಆ ಬಣ್ಣವನ್ನು ಒಣಗಿದ ಹಾಗೇ ಉಜ್ಜಿ ತೆಗೆದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ತೆಗೆಯುವುದಾದರೆ ಒದ್ದೆ ಮಾಡಿ ತೆಗೆಯಲಿ, ಆ ಭಾಗಕ್ಕೆ ಯಾರೂ ಬಾರದಂತೆ ಮುಚ್ಚಲಿ. ತರಗತಿ ನಡೆಯುವ ಭಾಗಕ್ಕೂ ದುರಸ್ತಿ ನಡೆಯುವ ಭಾಗಕ್ಕೂ ನಡುವೆ ಗಟ್ಟಿ ತಡೆ ಇರಬೇಕು, ದಾರಿಯೂ ಬೇರೆ ಇರಬೇಕು. ಜನರನ್ನು ಒಳಗೆ ಬಿಡಿ ಎಂದು ನಾನು ಹೇಳಿದ್ದು ಈ ಷರತ್ತಿನ ಮೇಲೆ.

ಹೀಗೆ ಜನರನ್ನು ಬಿಟ್ಟು ಗೆದ್ದ ಒಂದು ಮನೆಯ ಕಥೆ ಹೇಳುತ್ತೇನೆ. ಅಮೆರಿಕದ ಶಿಕಾಗೋದಲ್ಲಿ, ದಕ್ಷಿಣ ಭಾಗದ ಮಿಷಿಗನ್ ಅವೆನ್ಯೂ ಬೀದಿಯಲ್ಲಿ, 1890ರ ದಶಕದಲ್ಲಿ ಒಬ್ಬ ಧಾನ್ಯ ವ್ಯಾಪಾರಿಗಾಗಿ ಕಟ್ಟಿದ ಮಹಲೊಂದಿತ್ತು. ಕಾಲ ಬದಲಾಯಿತು, ಸಿರಿವಂತರು ಆ ಕಡೆಯಿಂದ ಹೋದರು, ಆ ಭಾಗ ಕಪ್ಪು ಜನರ ನೆಲೆಯಾಯಿತು. ಆಗ ಅಲ್ಲಿನ ಕಲಾವಿದರಿಗೆ ತಮ್ಮ ಚಿತ್ರ ತೂಗುಹಾಕಲು ನಗರದ ದೊಡ್ಡ ಗ್ಯಾಲರಿಗಳಲ್ಲಿ ಜಾಗವೇ ಇರಲಿಲ್ಲ. ಅವರು ಈ ಮಹಲಿನ ಮೇಲೆ ಕಣ್ಣಿಟ್ಟರು. 1930ರ ದಶಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ ಕಲಾವಿದರಿಗೆ ಕೆಲಸ ಕೊಡಲು ಅಮೆರಿಕ ಸರಕಾರ ಒಂದು ಯೋಜನೆ ನಡೆಸುತ್ತಿತ್ತು. ದುರಸ್ತಿಗೆ, ಶಿಕ್ಷಕರ ಸಂಬಳಕ್ಕೆ ಅದರಿಂದ ನೆರವು ಸಿಕ್ಕಿತು. ಆದರೆ ಕಟ್ಟಡವನ್ನು ಜನರೇ ಹೊಂದಿಸಿಕೊಳ್ಳಬೇಕಿತ್ತು. ಅದಕ್ಕೆ ಅವರು ಮಾಡಿದ್ದು 'ಒಂದು ಮೈಲಿ ಡೈಮ್' ಎಂಬ ಚಂದಾ. ಡೈಮ್ ಎಂದರೆ ಹತ್ತು ಸೆಂಟಿನ ಸಣ್ಣ ನಾಣ್ಯ. ಸಾಲಾಗಿ ಜೋಡಿಸಿದರೆ ಒಂದು ಮೈಲಿ ಆಗುವಷ್ಟು ನಾಣ್ಯ ಕೂಡಿಸುವ ಗುರಿ. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಕಲಾವಿದೆ ಮಾರ್ಗರೆಟ್ ಬರೋಸ್ ರಸ್ತೆಯ ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತರು.

1940ರಲ್ಲಿ ಕೇಂದ್ರ ಶುರುವಾಯಿತು. 1941ರ ಮೇ ತಿಂಗಳಲ್ಲಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಂದು ವಿಧಿವತ್ತಾಗಿ ಉದ್ಘಾಟಿಸಿದರು. ಗಮನಿಸಿ, ಬಾಗಿಲು ಮೊದಲು ತೆರೆದದ್ದು, ಉದ್ಘಾಟನೆ ಆಮೇಲೆ! ಫೋಟೋಗ್ರಾಫರ್ ಗಾರ್ಡನ್ ಪಾರ್ಕ್ಸ್‌ಗೆ ಈ ಮನೆಯ ನೆಲಮಾಳಿಗೆಯಲ್ಲಿ ಚಿತ್ರ ತೊಳೆಯುವ ಕತ್ತಲೆ ಕೋಣೆ ಸಿಕ್ಕಿತು. ಇಲ್ಲಿ ನಡೆದ ಕವಿತೆಯ ತರಗತಿಗೆ ಬರುತ್ತಿದ್ದವರಲ್ಲಿ ಗ್ವೆಂಡಲಿನ್ ಬ್ರೂಕ್ಸ್ ಒಬ್ಬರು. 1950ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಾಹಿತಿ ಅವರು.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. 1943ರಲ್ಲಿ ಸರಕಾರದ ಆ ಯೋಜನೆಯೇ ನಿಂತಿತು. ಅದರ ಅಡಿಯಲ್ಲಿ ದೇಶದಲ್ಲಿ 100ಕ್ಕೂ ಹೆಚ್ಚು ಕಲಾಕೇಂದ್ರಗಳು ಶುರುವಾಗಿದ್ದವು. ಹೆಚ್ಚಿನವು ಮುಚ್ಚಿಹೋದವು. ಇದು ಅದೇ ಮನೆಯಲ್ಲಿ ಇಂದಿಗೂ ನಡೆಯುತ್ತಿದೆ. ನನ್ನ ಪ್ರಕಾರ ಕಾರಣ ಆ ನಾಣ್ಯಗಳು. ಡೈಮ್ ಹಾಕಿದವರಿಗೆ ಅದು ಸರಕಾರದ ಕೇಂದ್ರ ಆಗಿರಲಿಲ್ಲ, ತಮ್ಮದಾಗಿತ್ತು. ಅಲ್ಲಿನ ಗ್ಯಾಲರಿಯ ಮರದ ಗೋಡೆಗಳಲ್ಲಿ ದಶಕಗಳ ಪ್ರದರ್ಶನಗಳ ಮೊಳೆ ತೂತುಗಳು ಇನ್ನೂ ಇವೆ. ಅವನ್ನು ಮುಚ್ಚಿ ನುಣುಪು ಮಾಡುವ ಗೋಜಿಗೆ ಅವರು ಹೋಗಿಲ್ಲ. ನಮ್ಮ ಕಸುಬಿನವರು ಇದರಿಂದ ಕಲಿಯುವುದು ಬಹಳ ಇದೆ. ಎಲ್ಲವನ್ನೂ ಮೊದಲ ದಿನದ ರೂಪಕ್ಕೆ ತರುವ ಚಟ ನಮಗೆ ಜಾಸ್ತಿ.

ಇನ್ನೆರಡು ಕಥೆ ಒಂದೇ ಊರಿನವು, ಬ್ರೆಜಿಲ್‌ನ ರಿಯೋ ಡಿ ಜನೈರೋದವು. ಅಲ್ಲಿ ಉದ್ಯಮಿ ಎನ್ರಿಕೆ ಲಾಜೆ ಗಾಯಕಿ ಪತ್ನಿ ಗೇಬ್ರಿಯೆಲಾ ಬೆಸಾಂಜೋನಿಗಾಗಿ 1920ರ ದಶಕದಲ್ಲಿ ಕಟ್ಟಿಸಿದ ಮಹಲಿದೆ. ನಡುವೆ ಅಂಗಳ, ಅಂಗಳದಲ್ಲಿ ಕೊಳ, ಸುತ್ತ ಕೋಣೆಗಳು. 1975ರಲ್ಲಿ, ಸೇನಾಡಳಿತದ ಕಾಲದಲ್ಲಿ, ಕಲಾವಿದ ರೂಬೆನ್ಸ್ ಗೆರ್ಶ್‌ಮನ್ ಮುಂದಾಳತ್ವದಲ್ಲಿ ಅಲ್ಲಿ ದೃಶ್ಯಕಲೆಯ ಶಾಲೆ ಶುರುವಾಯಿತು. 1984ರಲ್ಲಿ ಅಲ್ಲಿ ನಡೆದ ಒಂದೇ ಪ್ರದರ್ಶನದಲ್ಲಿ 120ಕ್ಕೂ ಹೆಚ್ಚು ಯುವ ಕಲಾವಿದರಿದ್ದರು. ಆ ಪೀಳಿಗೆಯನ್ನು ಬ್ರೆಜಿಲ್‌ನವರು ಇಂದಿಗೂ ಆ ಪ್ರದರ್ಶನದ ಹೆಸರಿನಿಂದಲೇ ಗುರುತಿಸುತ್ತಾರೆ.

ಅದೇ ಊರಿನಲ್ಲಿ ಇನ್ನೊಂದು ಮನೆ, ಇದು ನಿಜವಾದ ಅರಮನೆ. ಪೋರ್ಚುಗೀಸ್ ರಾಜಮನೆತನವೂ ಆಮೇಲೆ ಬ್ರೆಜಿಲ್ ಚಕ್ರವರ್ತಿಗಳೂ ವಾಸವಿದ್ದ ಸಾವೋ ಕ್ರಿಸ್ಟೋವಾವೋ ಅರಮನೆ. ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದ್ದದ್ದು ಅಲ್ಲೇ. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಸುಟ್ಟುಹೋಯಿತು. ಸುಮಾರು 2 ಕೋಟಿ ವಸ್ತುಗಳ ಸಂಗ್ರಹದ ಬಹುಪಾಲು ಒಂದೇ ರಾತ್ರಿಯಲ್ಲಿ ಹೋಯಿತು. ಬೆಂಕಿ ಶುರುವಾದದ್ದು ಸಭಾಂಗಣದ ಏರ್ ಕಂಡೀಷನರ್‌ನಿಂದ ಎಂದು ತನಿಖೆ ಹೇಳಿತು. ಅಗ್ನಿಶಾಮಕದವರು ಬಂದಾಗ ಹತ್ತಿರದ ನೀರಿನ ಕೊಳಾಯಿಗಳಲ್ಲಿ ನೀರಿರಲಿಲ್ಲ. ಇದರಲ್ಲಿ ನನಗೆ ತುಂಬ ಕಾಡುವ ಸಂಗತಿ ಬೇರೆ. ಬೆಂಕಿಗೆ ಮೂರು ತಿಂಗಳ ಹಿಂದೆ, ಸಂಸ್ಥೆಗೆ 200 ವರ್ಷ ತುಂಬಿದಾಗ, ಸರಕಾರಿ ಬ್ಯಾಂಕಿನಿಂದ ದುರಸ್ತಿಗೆ 2 ಕೋಟಿ ಬ್ರೆಜಿಲ್ ರಿಯಾಲ್‌ಗೂ ಹೆಚ್ಚು ಹಣದ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಬೆಂಕಿ ನಂದಿಸುವ ವ್ಯವಸ್ಥೆಯೂ ಅದರಲ್ಲಿ ಸೇರಿತ್ತು. ಹಣ ಕೈಗೆ ಬಂದಿರಲಿಲ್ಲ. ಕಾಗದದ ಮೇಲೆ ಮಂಜೂರಾದ ಹಣ ಬೆಂಕಿ ಆರಿಸುವುದಿಲ್ಲ.

ದುರಸ್ತಿಯ ಸಮಯವೇ ಅಪಾಯದ ಸಮಯ ಎನ್ನುವುದನ್ನೂ ಮರೆಯಬೇಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ಕಲಾಶಾಲೆಯ ಪ್ರಸಿದ್ಧ ಕಟ್ಟಡಕ್ಕೆ 2014ರಲ್ಲಿ ಬೆಂಕಿ ಬಿತ್ತು. ಮನಸ್ಸಿಟ್ಟು ಮತ್ತೆ ಕಟ್ಟತೊಡಗಿದರು. 2018ರ ಜೂನ್‌ನಲ್ಲಿ, ಆ ಕೆಲಸ ನಡೆಯುತ್ತಿರುವಾಗಲೇ, ಮತ್ತೊಮ್ಮೆ ಬಿತ್ತು. ಎರಡನೇ ಬೆಂಕಿಯ ಕಾರಣ ವರ್ಷಗಟ್ಟಲೆ ತನಿಖೆಯಾದರೂ ಖಚಿತವಾಗಲಿಲ್ಲ. ಹಾಗಾಗಿ ನನ್ನ ಬೇಡಿಕೆಗಳಲ್ಲಿ ಇದು ಬಗ್ಗಿಸಲಾಗದ ಬೇಡಿಕೆ: ಬಣ್ಣ ಹಚ್ಚುವ ಮುಂಚೆ ಹೊಸ ವೈರಿಂಗ್. ಪ್ರತಿ ಮಹಡಿಯಿಂದ ಹೊರಹೋಗಲು ಎರಡು ದಾರಿ. ತುಂಬಿದ ನೀರಿನ ತೊಟ್ಟಿ. ವೆಲ್ಡಿಂಗ್‌ನಂಥ ಕೆಲಸ ನಡೆದ ದಿನ ಸಂಜೆ ಎಲ್ಲರೂ ಹೋದ ಮೇಲೂ ಒಬ್ಬರು ಅಲ್ಲೇ ಇದ್ದು ಕಾಯಬೇಕು.

ಹಂತಹಂತವಾಗಿ ಕೆಲಸ ಮಾಡಿದರೆ ಚೆಂದ ಇರುವುದಿಲ್ಲ, ಅರೆಬರೆ ಕಾಣುತ್ತದೆ ಎಂದು ಕೆಲವು ವಾಸ್ತುಶಿಲ್ಪಿಗಳು ಹೇಳುವುದುಂಟು. ಅವರು ಲಂಡನ್ನಿನ ಬ್ಯಾಟರ್‌ಸೀ ಕಲಾಕೇಂದ್ರವನ್ನು ಗಮನಿಸಬೇಕು. ಅದು 1893ರ ಹಳೇ ಪುರಭವನ. ಅಲ್ಲಿ ನಾಟಕದವರೂ ವಾಸ್ತುಶಿಲ್ಪಿಗಳೂ ಸೇರಿ ಕಟ್ಟಡವನ್ನು ಬಳಸುತ್ತಾ, ಒಂದು ಬದಲಾವಣೆಯನ್ನು ಮೊದಲು ತಾತ್ಕಾಲಿಕವಾಗಿ ಮಾಡಿ ನೋಡಿ, ಹೊಂದಿದರೆ ಉಳಿಸಿಕೊಳ್ಳುತ್ತಾ ಹೋದರು. 2015ರಲ್ಲಿ ಅದರ ದೊಡ್ಡ ಸಭಾಂಗಣ ಬೆಂಕಿಗೆ ತುತ್ತಾಯಿತು. ಸುಡದೇ ಉಳಿದ ಭಾಗದಲ್ಲಿ ಪ್ರದರ್ಶನಗಳು ಬೇಗನೇ ಮತ್ತೆ ಶುರುವಾದವು. 2018ರಲ್ಲಿ ಸಭಾಂಗಣವೂ ತೆರೆಯಿತು, ಬೆಂಕಿಯಿಂದ ಬಣ್ಣ ಮಾಸಿದ ಗೋಡೆಗಳನ್ನು ಹಾಗೇ ಕಾಣುವಂತೆ ಬಿಟ್ಟು. ನೋಡಲು ಅದು ಅರೆಬರೆಯಲ್ಲ.

ಇನ್ನು ಮಹಲು ಎಂದರೆ ಯಾರದ್ದೋ ಸಿರಿತನ. ಅದನ್ನು ಕಟ್ಟಿದ ಹಣ ಎಲ್ಲಿಂದ ಬಂತು, ಯಾರ ದುಡಿಮೆಯಿಂದ ನಡೆಯಿತು ಎಂಬ ಪ್ರಶ್ನೆಗಳೂ ಆ ಗೋಡೆಗಳಲ್ಲಿವೆ. ಹೆಚ್ಚಿನ ಮಹಲುಗಳಲ್ಲಿ ಆಳುಗಳಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇರುತ್ತವೆ. ಕಿರಿದಾದ, ಕಡಿದಾದ, ಬೆಳಕಿಲ್ಲದ ಮೆಟ್ಟಿಲು. ದುರಸ್ತಿಯ ಪಟ್ಟಿಯಲ್ಲಿ ಮೊದಲು ಕಳೆದುಹೋಗುವುದು ಇವೇ. "ಕೆಲಸದವರ ಕೋಣೆಗಳನ್ನು ಒಡೆದು ಶೌಚಾಲಯ ಮಾಡಬಹುದು" ಎಂದು ನಕ್ಷೆಯಲ್ಲಿ ಬರೆದಿರುತ್ತಾರೆ. ಶೌಚಾಲಯ ಬೇಕು, ಖಂಡಿತ ಬೇಕು, ಒಳ್ಳೆಯದೇ ಬೇಕು. ಆದರೆ ದರ್ಬಾರ್ ಕೋಣೆಯ ಚಿತ್ತಾರಕ್ಕೆ ಇರುವ ಬೆಲೆ ಆ ಕತ್ತಲೆ ಮೆಟ್ಟಿಲಿಗೂ ಇರಲಿ. ಆಸುಪಾಸಿನ ಹಳಬರ ಅಜ್ಜ ಅಜ್ಜಿಯರು ಓಡಾಡಿದ್ದು ಅಲ್ಲಿಯೇ ಇರಬಹುದು. ಹಾಗೆಯೇ ಮುಂಬಾಗಿಲಿನ ಎತ್ತರದ ಮೆಟ್ಟಿಲುಗಳಿಗೆ ಪಕ್ಕದಲ್ಲಿ ಒಂದಕ್ಕೆ ಹನ್ನೆರಡರ ಇಳಿಜಾರು ಕೊಡಿ, ಒಂದಡಿ ಏರಲು ಹನ್ನೆರಡಡಿ ಉದ್ದ. ಗಾಲಿಕುರ್ಚಿಯಲ್ಲಿ ಬರುವವರನ್ನು "ಹಿಂದಿನಿಂದ ಬನ್ನಿ" ಎಂದು ಕಳಿಸಿದರೆ ಆ ಹಳೇ ವ್ಯವಸ್ಥೆಯೇ ಮುಂದುವರಿದ ಹಾಗಾಯಿತು.

ನಡೆಸುವವರು ಯಾರು ಎಂಬುದನ್ನು ಗಾರೆ ಕಲಸುವ ಮೊದಲೇ ಬರೆದಿಡಿ. ಮುಂಬೈಯ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ತೆರೆದದ್ದು 1872ರಲ್ಲಿ, ಆಮೇಲೆ ಸೊರಗಿಹೋಯಿತು. 2003ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಮತ್ತು ಒಂದು ಖಾಸಗಿ ಪ್ರತಿಷ್ಠಾನ ಸೇರಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಒಡೆತನ ಪಾಲಿಕೆಯದ್ದೇ. ದುರಸ್ತಿ, ನಿರ್ವಹಣೆಗೆ ಎಲ್ಲರ ಪಾಲಿದೆ. 2005ರಲ್ಲಿ ಅದರ ದುರಸ್ತಿಗೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು, 2008ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಇಂಥದ್ದೇ ಒಪ್ಪಂದ ಕಲಾಕೇಂದ್ರಕ್ಕೂ ಆಗಬಹುದು. ನಾನು ಸೇರಿಸುವುದು ಒಂದೇ: ಅಲ್ಲಿ ಕಲಿಸುವ, ಕಲಿಯುವ ಜನರಿಗೆ ಸಮಿತಿಯಲ್ಲಿ ಅರ್ಧದಷ್ಟಾದರೂ ಸ್ಥಾನ. ಅವಧಿ ಸಾಕಷ್ಟು ದೀರ್ಘವಾಗಿರಲಿ. ವರ್ಷವರ್ಷವೂ ಪರವಾನಗಿ ನವೀಕರಿಸಲು ಅಲೆಯುವವರು ಕೋಣೆಗೆ ಒಂದು ಕಪಾಟನ್ನೂ ಮಾಡಿಸುವುದಿಲ್ಲ.

ಖರ್ಚಿಗೆ ಆದಾಯ ಬೇಕು, ಒಪ್ಪುತ್ತೇನೆ. ಒಂದು ಮೂಲೆಯಲ್ಲಿ ತಿಂಡಿ ಕಾಫಿ ಇರಲಿ, ಅಂಗಳವನ್ನು ಆಗಾಗ ಬಾಡಿಗೆಗೆ ಕೊಡಿ. ಆದರೆ ಬಾಡಿಗೆಯ ಗಿರಾಕಿ ಬಂದರೆ ಮಕ್ಕಳ ತರಗತಿ ರದ್ದು ಎನ್ನುವ ದಿನ ಬಂದರೆ, ಕೇಂದ್ರ ಮುಗಿಯಿತು ಎಂದೇ ಲೆಕ್ಕ. ತರಗತಿಯ ವೇಳೆಯನ್ನು ಯಾರೂ ಮುಟ್ಟಬಾರದೆಂದು ಒಪ್ಪಂದದಲ್ಲೇ ಬರೆಯಿರಿ. ವರ್ಷದ ಬಜೆಟ್ಟಿನಲ್ಲಿ ದುರಸ್ತಿಗೆ ಪ್ರತ್ಯೇಕ ಬಾಬ್ತು ಇರಲಿ. ಏಣಿ ಹತ್ತಬಲ್ಲ ಒಬ್ಬ ಖಾಯಂ ಕೆಲಸಗಾರ ಇರಲಿ. ದೂರದ ಸಲಹೆಗಾರರ ನೂರು ಪುಟದ ವರದಿಗಿಂತ ಆ ಒಬ್ಬರ ಸಂಬಳ ಮುಖ್ಯ.

ಮಹಲಿನ ಆಸುಪಾಸಿನವರಿಗೆ ಎರಡು ಮಾತು. ಮಹಲಿನ ಹಳೇ ಫೋಟೋ, ಮದುವೆಯ ಚಿತ್ರವೋ ಏನೋ, ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಅದರ ಪ್ರತಿ ಕೊಡಿ. ಕುಸಿದ ಕಂಬದ ತಲೆ ಹೇಗಿತ್ತು ಎಂದು ತಿಳಿಯಲು ನಮ್ಮಂಥವರಿಗೆ ಬೇರೆ ಆಧಾರ ಇರುವುದಿಲ್ಲ. ಇನ್ನು ಅಲ್ಲಿಂದ ಬಾಗಿಲು, ಹೆಂಚು, ಕಬ್ಬಿಣದ ಕಟಕಟೆ ತಂದು ಇಟ್ಟುಕೊಂಡವರಿದ್ದರೆ ವಾಪಸ್ ಕೊಡುವ ದಾರಿಯನ್ನು ಅಧಿಕಾರಿಗಳು ಸುಲಭ ಮಾಡಲಿ, ಕೇಸು ಗೀಸು ಎಂದು ಹೆದರಿಸದಿರಲಿ. ಆಗ ಬಹಳಷ್ಟು ಸಾಮಾನು ತಾನಾಗಿ ಹಿಂದೆ ಬರುತ್ತದೆ.

ಅಧಿಕಾರಿಗಳೇ, ಸದಸ್ಯರೇ, ಮುಂದಿನ ಸಭೆಯಲ್ಲಿ ನೀವು ಒಪ್ಪಬೇಕಾದ ನಿರ್ಣಯ ಚಿಕ್ಕದು. ಮಳೆಗಾಲಕ್ಕೆ ಮುಂಚೆ ಮಾಳಿಗೆ, ಕೊಳವೆಗಳ ತುರ್ತು ಕೆಲಸ ಮುಗಿಸುವುದು. ಹಳೇ ಕಟ್ಟಡ ಬಲ್ಲ ಎಂಜಿನಿಯರ್ ಒಬ್ಬರಿಂದ ಪ್ರತಿ ಕೋಣೆಯ ಸ್ಥಿತಿ ಬರೆಸುವುದು, ಅಳತೆಯ ನಕ್ಷೆ ತೆಗೆಸುವುದು, ಆ ವರದಿಯನ್ನು ಯಾರು ಬೇಕಾದರೂ ಓದುವಂತೆ ಇಡುವುದು. ಅದರಲ್ಲಿ ಸುರಕ್ಷಿತ ಎಂದು ಬಂದ ಕೆಳಗಿನ ಎರಡು ಕೋಣೆಗಳಿಗೆ ಬೆಳಕು, ನೀರು, ಶೌಚಾಲಯ ಒದಗಿಸುವುದು. ತರಗತಿ ನಡೆಸಲು ಇಷ್ಟವಿರುವವರಿಂದ ಅರ್ಜಿ ಕರೆಯುವುದು. ಉಳಿದ ಕೋಣೆಗಳ ಚರ್ಚೆಯನ್ನು ಆ ಎರಡು ಕೋಣೆಗಳಲ್ಲೇ ಕುಳಿತು, ಅವನ್ನು ಬಳಸುವವರ ಎದುರಿಗೇ ಮಾಡೋಣ.

ಇಂತಿ,
ಹಳೇ ಕಟ್ಟಡಗಳ ದುರಸ್ತಿ ಮಾಡುವ ಒಬ್ಬ ಎಂಜಿನಿಯರ್